ಕರು ನೋಡಿ ಕೊಂಡ ಹಾಲು

ಹೋದ ತಿಂಗಳು ದಾವಣಗೆರೆಯ ಒಂದು ಸಿಹಿತಿಂಡಿ ಅಂಗಡಿಯಲ್ಲಿ ನಿಂತಿದ್ದೆವು, ನಾನು ಮತ್ತು ನನ್ನ ಹೆಂಡತಿ. ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಏನಾದರೂ ಕಟ್ಟಿಸಿಕೊಳ್ಳಲು ಹೋಗಿದ್ದು. ಪೇಡೆಯೋ ಮೈಸೂರುಪಾಕೋ ಎಂದು ನಾವು ಚರ್ಚೆ ಮಾಡುತ್ತಿರುವಾಗಲೇ ಒಳಗಿನಿಂದ ಒಬ್ಬರು ಅಗಲವಾದ ತಟ್ಟೆಯೊಂದನ್ನು ತಂದು ಕಪಾಟಿನ ಮೇಲಿಟ್ಟರು. ಏಲಕ್ಕಿಯ ವಾಸನೆ, ಬೆಲ್ಲದ ವಾಸನೆ, ಅವೆರಡರ ಹಿಂದೆ ಹೊಸದಾಗಿ ಈದ ಎಮ್ಮೆಯ ಕೊಟ್ಟಿಗೆಯ ಬೆಚ್ಚನೆಯ ವಾಸನೆ. ನನ್ನ ಬಾಯಲ್ಲಿ ನೀರು ಬಂದಿದ್ದು ಹೌದು. ಆದರೆ ಕಣ್ಣಲ್ಲಿ ಯಾಕೆ ಬಂತು ಎಂದು ಹೆಂಡತಿ ನನ್ನ ಮುಖವನ್ನೇ ನೋಡಿದಳು.

ತಟ್ಟೆಯಲ್ಲಿದ್ದದ್ದು ಗಿಣ್ಣು. ಕರು ಹಾಕಿದ ಹೊಸತರ ದಪ್ಪ ಹಾಲಿಗೆ ಬೆಲ್ಲ ಬೆರೆಸಿ ಹಬೆಯಲ್ಲಿ ಬೇಯಿಸಿದರೆ ಮೆತ್ತಗೆ ಗಟ್ಟಿಯಾಗಿ ನಿಲ್ಲುತ್ತದಲ್ಲ, ಅದು. ಅಂಗಡಿಯಾಕೆ ಅದನ್ನು ಚೌಕಚೌಕವಾಗಿ ಕತ್ತರಿಸಿ ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ ಬೆಲೆಯ ಚೀಟಿ ಅಂಟಿಸತೊಡಗಿದಳು. "ತಗೊಳ್ರಿ, ಗಿಣ್ಣು ತಿಂದು ಎಷ್ಟು ವರ್ಷ ಆತು" ಎಂದಳು ಹೆಂಡತಿ. ನಾನು ಒಂದು ಡಬ್ಬಿ ಕೈಗೆತ್ತಿಕೊಂಡೆ. ಎತ್ತಿಕೊಂಡವನು ಹಾಗೇ ನಿಂತುಬಿಟ್ಟೆ. ಗಿಣ್ಣಿಗೆ ಬೆಲೆ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನ್ಯಾಮತಿಯ ಖಾನಾವಳಿಯ ಗಂಗಮ್ಮನವರು ಇದ್ದಿದ್ದರೆ ಆ ಚೀಟಿಯನ್ನು ಉಗುರಿನಿಂದ ಕಿತ್ತು ಹಾಕುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಮೇಷ್ಟ್ರ ಕೆಲಸ ಸಿಕ್ಕಿ ನ್ಯಾಮತಿಗೆ ಹಾಕಿದರು. ನಾನು ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯವನು. ನಮ್ಮಲ್ಲಿ ಮಳೆ ಬಂದರೆ ಜನ ಮನೆಯಿಂದ ಹೊರಗೆ ಬಂದು ನಿಲ್ಲುತ್ತಾರೆ, ನ್ಯಾಮತಿಯಲ್ಲಿ ಮಳೆ ಬಂದರೆ ಒಳಗೆ ಹೋಗುತ್ತಾರೆ. ಶಾಲೆ ಶುರುವಾದ ವಾರವೇ ಹಿಡಿದ ಜಿಟಿಜಿಟಿ ಮಳೆ ಯಾವಾಗ ನಿಲ್ಲುತ್ತದೆ ಎಂದು ನಾನು ಎಲ್ಲರನ್ನೂ ಕೇಳುತ್ತಿದ್ದೆ. ಕೇಳಿದವರು ನಗುತ್ತಿದ್ದರು. ನನ್ನ ಒಂದೇ ಪಂಚೆ ಒಣಗಿದ್ದು ನೆನಪಿಲ್ಲ. ಕೋಣೆ ಸಿಕ್ಕಿತು, ಹಾಸಿಗೆ ಸಿಕ್ಕಿತು, ಆದರೆ ಊಟದ್ದೇ ಚಿಂತೆ. ಹೇಳಿಬಿಡುತ್ತೇನೆ, ನಾನು ಊಟದ ವಿಷಯದಲ್ಲಿ ಯಾವತ್ತೂ ಮರ್ಯಾದೆ ನೋಡಿದವನಲ್ಲ. ತಿನ್ನುವುದು ಎಂದರೆ ನನಗೆ ಪಂಚಪ್ರಾಣ.

ಹಾಗಾಗಿ ಗಂಗಮ್ಮನವರ ಖಾನಾವಳಿಗೆ ನನ್ನನ್ನು ಕರೆದುಕೊಂಡು ಹೋದವರು ಯಾರೂ ಅಲ್ಲ, ನನ್ನ ಮೂಗು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸುಡುವ ಜೋಳದ ರೊಟ್ಟಿಯ ಘಮ ಹಿಡಿದು ನಡೆದೆ. ಹೆಂಚಿನ ಮನೆ, ಮುಂದೆ ಜಗಲಿ, ಪಡಸಾಲೆಯಲ್ಲಿ ಎದುರುಬದುರು ಹಾಸಿದ ಉದ್ದನೆಯ ಚಾಪೆಗಳು. ಬಾಗಿಲಲ್ಲಿ ನಿಂತ ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿ ಕರಡಿಗೆಯ ಲಿಂಗ, ಒದ್ದೆ ಪಂಚೆಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊಸಾ ಮೇಷ್ಟ್ರಾ? ಬರ್ರಿ, ಕಾಲು ತೊಳಕಳ್ರಿ. ರೊಟ್ಟಿ ಆರಿದ ಮ್ಯಾಲೆ ತಿನ್ನಾಕೆ ಸುಟ್ಟಿಲ್ಲ ನಾನು" ಎಂದರು. ಅಂದು ಎಷ್ಟು ರೊಟ್ಟಿ ತಿಂದೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಂಡ ಹೋದ ಮೇಲೆ ಒಬ್ಬರೇ ಆ ಖಾನಾವಳಿ ನಡೆಸುತ್ತಿದ್ದರು. ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳಿನ ಪುಡಿ ಎಲ್ಲವೂ ರುಚಿಯೇ. ಆದರೆ ಆ ಖಾನಾವಳಿಗೆ ಹೆಸರು ಬಂದದ್ದು ಕಡೆಯಲ್ಲಿ ಬಡಿಸುವ ಎಮ್ಮೆ ಮೊಸರಿನಿಂದ. ಸೌಟಿನಲ್ಲಿ ಎತ್ತಿದರೆ ಜಾರುವುದಿಲ್ಲ, ಕೆನೆ ಹಳದಿಗಟ್ಟಿ ಮೇಲೆ ಕೂತಿರುತ್ತಿತ್ತು. ಸೊಕ್ಕೆಯಲ್ಲಿ ನನ್ನವ್ವ ಒಂದು ಚೊಂಬು ಮಜ್ಜಿಗೆಯನ್ನು ನೀರು ಹಾಕಿ ಹಾಕಿ ಇಡೀ ಮನೆಗೆ ಸಾಗಿಸುತ್ತಿದ್ದದ್ದನ್ನು ಕಂಡವನು ನಾನು. ಗಂಗಮ್ಮನವರ ಮೊಸರು ಬಿದ್ದ ತಟ್ಟೆಯನ್ನು ನೋಡಿ ಮೊದಲ ದಿನ ನನಗೆ ಸ್ವಲ್ಪ ಹೆದರಿಕೆಯೇ ಆಗಿತ್ತು.

ತಿಂಗಳೊಪ್ಪತ್ತಿನಲ್ಲಿ ಅವರು ಸಾಮಾನು ಕೊಳ್ಳುವ ರೀತಿ ವಿಚಿತ್ರ ಅನ್ನಿಸತೊಡಗಿತು. ಶಾಲೆಗೆ ಮೊದಲು ಅವರ ಜೊತೆ ಸಂತೆಗೆ ನಾನೂ ಚೀಲ ಹಿಡಿದು ಹೋಗುತ್ತಿದ್ದೆ. ಎಲ್ಲರೂ ಸೊಪ್ಪು ತರಕಾರಿ ಕೊಳ್ಳುವುದು ಹೊತ್ತಿಳಿದ ಮೇಲೆ. ಅಷ್ಟೊತ್ತಿಗೆ ಹಳ್ಳಿಯಿಂದ ಬಂದ ಹೆಂಗಸರು ಬಸ್ಸಿನ ಗಡಿಬಿಡಿಯಲ್ಲಿ ಸಿಕ್ಕಷ್ಟಕ್ಕೆ ಕೊಟ್ಟು ಹೋಗುತ್ತಾರೆ. ಗಂಗಮ್ಮನವರು ಮಾತ್ರ ಬೆಳಿಗ್ಗೆಯೇ ಕೊಳ್ಳುತ್ತಿದ್ದರು. ಸಂಜೆ ಬಂದರೆ ಅರ್ಧಕ್ಕರ್ಧ ಉಳಿಯುತ್ತದಲ್ಲ ಎಂದೆ.

"ಉಳಿತೈತೆ. ಬಸ್ಸಿಗೆ ಓಡೋಳ ಕೈಯಾಗಿಂದ ಕಿತ್ಕೊಂಡ್ ಬಂದಿದ್ದು ನನ್ನ ಒಲಿ ಮ್ಯಾಲೆ ಬೇಯಾಕಿಲ್ಲ ಮೇಷ್ಟ್ರೆ" ಎಂದರು.

ಹಾಗೆಂದು ಅವರನ್ನು ದೇವತೆ ಮಾಡುವ ಉತ್ಸಾಹ ನನಗಿಲ್ಲ. ಸಕ್ಕರೆ ಸಿಗದ ದಿನಗಳಲ್ಲಿ ಕಾಳಸಂತೆಯ ಸಕ್ಕರೆಯನ್ನು ಸೆರಗಿನ ಮರೆಯಲ್ಲಿ ತರುತ್ತಿದ್ದರು. ನಾನು ಅದನ್ನು ಎತ್ತಿ ಆಡಿದ್ದಕ್ಕೆ ನಕ್ಕು, "ಎಲ್ಲಾದ್ರಾಗೂ ಧರ್ಮ ಹುಡುಕ್ತಾ ಕುಂತ್ರೆ ಉಪಾಸ ಸಾಯಬೇಕು. ಕಣ್ಣಿಗೆ ಕಾಣದ್ದು ಬಿಡ್ರಿ, ಕಂಡಿದ್ದನ್ನ ಕಂಡಿಲ್ಲ ಅನ್ನಾಕೆ ಬರಾಕಿಲ್ಲ ನಂಗೆ" ಎಂದರು. ಆ ಮಾತನ್ನು ನಾನು ಆಗ ಹಗುರವಾಗಿ ತೆಗೆದುಕೊಂಡೆ. ಒಂದು ಲೋಟ ಚಹಾ ಜಾಸ್ತಿ ಗಿಟ್ಟಿಸುವುದರ ಮೇಲೆ ನನ್ನ ಗಮನವಿತ್ತು.

ಖಾನಾವಳಿಗೆ ಹಾಲು ಬರುತ್ತಿದ್ದದ್ದು ರುದ್ರಪ್ಪನವರ ಮನೆಯಿಂದ. ಅವರು ಗಂಗಮ್ಮನವರ ಗಂಡನ ದೊಡ್ಡಪ್ಪನ ಮಗ. ಅಡಿಕೆ ವ್ಯಾಪಾರ, ಒಳ್ಳೆಯ ಮಾತುಗಾರರು, ಸಂತೆಯ ದಿನ ಹೊರಗಿನ ವ್ಯಾಪಾರಿಗಳನ್ನೆಲ್ಲ ಕರೆತಂದು ಪಡಸಾಲೆ ತುಂಬಿಸುತ್ತಿದ್ದವರೇ ಅವರು. ಶ್ರಾವಣದಲ್ಲಿ ಅವರ ಎಮ್ಮೆಗಳಲ್ಲಿ ಒಂದು ಕರು ಹಾಕಿತು. ಪದ್ಧತಿಯಂತೆ ಬಂಧುಬಳಗಕ್ಕೆಲ್ಲ ಗಿಣ್ಣಿನ ಹಾಲು ಹೋಯಿತು, ಖಾನಾವಳಿಗೂ ಒಂದು ದೊಡ್ಡ ಪಾತ್ರೆ ಬಂತು. ಹಾಲನ್ನು ಮಾರಬಹುದು, ಗಿಣ್ಣನ್ನು ಮಾರುವಂತಿಲ್ಲ. ಅದನ್ನು ತಮ್ಮವರು ಎಂದುಕೊಂಡವರಿಗೆ ಹಂಚುವುದು ಅಷ್ಟೆ. ಗಂಗಮ್ಮನವರು ಬೇಯಿಸಿ ಎಲ್ಲರ ತಟ್ಟೆಗೂ ಒಂದೊಂದು ತುಂಡು ಹಾಕಿದರು. ನನಗೆ ಎರಡು ಬಿತ್ತು. ಆಮೇಲೆ ಒಂದಷ್ಟು ದಿನ ಮೊಸರು ಮೊದಲಿಗಿಂತ ಗಟ್ಟಿಯಾಯಿತು.

ರುದ್ರಪ್ಪನವರ ಮಗಳಿಗೆ ಸೀಮಂತ ಬಂತು. ಅಡುಗೆಗೆ ಕೈ ಹಾಕಲು ಗಂಗಮ್ಮನವರು ಹೋದರು. ಸಂಜೆ ತಿರುಗಿ ಬಂದವರ ಮುಖದಲ್ಲಿ ಸಮಾರಂಭದ ಕಳೆ ಇರಲಿಲ್ಲ. ನಮಗೆಲ್ಲ ಎಂದಿನಂತೆ ಬಡಿಸಿದರು. ಮೊಸರಿನ ಹೊತ್ತಿಗೆ ಸೌಟು ಹಿಡಿದ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಬಡಿಸಿತು. ತಾವು ಉಣ್ಣುವಾಗ ಮೊಸರು ಮುಟ್ಟಲಿಲ್ಲ. ಹುಷಾರಿಲ್ಲವೇ ಎಂದು ಕೇಳಿದೆ.

"ಒಲಿಗೆ ಕುಳ್ಳು ತರಾಕೆ ಅವರ ಕೊಟ್ಟಿಗಿಗೆ ಹೋಗಿದ್ದೆ ಮೇಷ್ಟ್ರೆ. ಕೋಣಗರು ಅಂತ ಹಾಲೇ ಬಿಟ್ಟಿಲ್ಲ, ಸೊರಗಿ ಸತ್ತೈತೆ. ಅದರ ತೊಗಲಿಗೆ ಹುಲ್ಲು ತುಂಬಿ ಹೊಲಿದು ಗ್ವಾಡಿಗೆ ಒರಗಿಸ್ಯಾರೆ. ಹಾಲು ಕರೆಯೋ ಹೊತ್ತಿಗೆ ತಂದು ಮುಂದೆ ನಿಲ್ಲಿಸ್ತಾರಂತೆ." ಮೊಸರಿನ ಗಡಿಗೆಯನ್ನು ಮುಚ್ಚಿಟ್ಟು, "ಆ ಎಮ್ಮೆ ಅದನ್ನ ನೆಕ್ತಾ ಇತ್ತು" ಎಂದರು. "ಅದರ ಗಿಣ್ಣು ತಿಂದಿದ್ವಲ್ಲ ನಾವೆಲ್ಲ."

ನನಗೆ ಹೊಸ ಸಂಗತಿಯೇನೂ ಅಲ್ಲ. ಹಳ್ಳಿಯಲ್ಲಿ ಬೆಳೆದವರೆಲ್ಲ, ಎಮ್ಮೆ ಹಾಲು ಇಳಿಸಲೆಂದು ಎದುರು ನಿಲ್ಲಿಸುವ ಹುಲ್ಲಿನ ಕರುವನ್ನು ನೋಡಿಯೇ ಇರುತ್ತಾರೆ. ಹೆಣ್ಣುಗರುವಾದರೆ ಮುಂದೆ ಹಾಲು ಕೊಡುತ್ತದೆ ಎಂದು ಸಾಕುತ್ತಾರೆ. ಗಂಡಾದರೆ ಕೆಲವರು ಸಾಕುತ್ತಾರೆ, ಕೆಲವರು ಅದರ ಪಾಲನ್ನೂ ಹಿಂಡಿಕೊಂಡು ಅದರ ಹಣೆಬರಹ ಎಂದು ಸುಮ್ಮನಾಗುತ್ತಾರೆ. ನೋಡಿಯೂ ನನಗೆ ಏನೂ ಅನ್ನಿಸಿರಲಿಲ್ಲ. ಗಂಗಮ್ಮನವರು ಹೇಳಿದ ಮೇಲೆ ಮಾತ್ರ ಆ ನಾಲಿಗೆ ಕಣ್ಣ ಮುಂದೆ ಬಂದು ಆ ಹೊತ್ತಿನ ನನ್ನ ಊಟ ಅರ್ಧಕ್ಕೇ ನಿಂತಿತು. ನನ್ನ ಮಟ್ಟಿಗೆ ಅದು ದೊಡ್ಡ ಘಟನೆ.

ಮರುದಿನ ಬೆಳಿಗ್ಗೆ ಬಂದ ಹಾಲನ್ನು ಅವರು ವಾಪಸ್ಸು ಕಳಿಸಿದರು. ಮಧ್ಯಾಹ್ನಕ್ಕೆ ರುದ್ರಪ್ಪನವರೇ ಬಂದರು.

"ಏನ್ ಗಂಗಮ್ಮ, ನನ್ನ ಹಾಲಿನಾಗೆ ನೀರು ಐತಾ?"

"ಇಲ್ಲ ಭಾವ, ನಿಮ್ ಹಾಲಿಗೆ ಹೆಸರಿಡಂಗಿಲ್ಲ. ಕರು ಇಲ್ಲದ ಹಾಲು ನಂಗೆ ಬ್ಯಾಡ."

"ಕೋಣಗರು ಕಟ್ಕೊಂಡು ಏನ್ ಮಾಡ್ಲಿ ನಾನು? ಊರಾಗೆ ಯಾರು ಮಾಡಿಲ್ಲದ್ದು ಮಾಡೀನಾ? ನಿನ್ನ ಖಾನಾವಳಿ ಮೊಸರು ಗಟ್ಟಿ ಐತೆ ಅಂತ ಚನ್ನಗಿರಿತನಕ ಹೆಸರಾಗೈತಲ್ಲ, ಅದು ಹೆಂಗೆ ಗಟ್ಟಿ ಆತು ಅಂದ್ಕೊಂಡಿ? ಕರುವಿನ ಪಾಲೂ ನಿನ್ನ ಗಡಿಗಿಗೇ ಬಿದ್ದಿದ್ದಕ್ಕೆ!"

ಆ ಮಾತು ಸುಳ್ಳಲ್ಲ. ತಟ್ಟೆ ಮುಂದೆ ಕೂತಿದ್ದ ನಮಗೆಲ್ಲ ಅದು ತಾಗಿತು. ಗಂಗಮ್ಮನವರು ತಲೆ ಆಡಿಸಿ, "ಖರೇ ಐತೆ ಭಾವ. ಅದಕ್ಕೇ ಬ್ಯಾಡ ಅಂತಿರೋದು" ಎಂದರು. ರುದ್ರಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಾಲಿಗೆ ಒಣಗುತ್ತದೆ. ಮೊಸರಿಲ್ಲ. ಅನ್ನ ಸಾರು ಉಂಡು ಕೈ ತೊಳೆಯುವುದು. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ದಿನಾ ಊಟಕ್ಕೆ ಬರುತ್ತಿದ್ದರು. ಅವರು "ಒಂದು ಕರುವಿನ ಸಲುವಾಗಿ ಇಷ್ಟು ಜನರ ಹೊಟ್ಟೆ ಉರಿಸ್ತೀರಲ್ಲ" ಎಂದು ಪ್ರತಿ ಊಟಕ್ಕೂ ಗೊಣಗುತ್ತಿದ್ದರು. ನಾನು ಬಾಯಲ್ಲಿ ಗಂಗಮ್ಮನವರ ಪರ, ಹೊಟ್ಟೆಯಲ್ಲಿ ಸಾಹುಕಾರರ ಪರ. ರಜೆಯ ದಿನ ಗಂಗಮ್ಮನವರು ಛತ್ರಿ ತೆಗೆದುಕೊಂಡು, "ಬರ್ರಿ ಮೇಷ್ಟ್ರೆ, ಹಾಲು ಹುಡುಕಾಕೆ ಹೋಗಾನ" ಎಂದಾಗ ನನಗಿಂತ ಮುಂಚೆ ನನ್ನ ಕಾಲುಗಳು ಹೊರಟಿದ್ದವು.

ಅದೊಂದು ತಿರುಗಾಟ. ಯಾರ ಮನೆಗೆ ಹೋದರೂ ಆಕೆ ಎಮ್ಮೆಯ ಕಡೆ ನೋಡುವುದಿಲ್ಲ, ಹಾಲು ತೋರಿಸಿ ಎನ್ನುವುದಿಲ್ಲ. "ಕರು ಎಲ್ಲೈತೆ?" ಎನ್ನುತ್ತಿದ್ದರು. ಕರುವಿನ ಪಕ್ಕೆಯ ಮೇಲೆ ಕೈ ಆಡಿಸುವುದು, ಬಾಯಿಗೆ ಬೆರಳು ಕೊಡುವುದು. ಹಸಿದ ಕರು ಬೆರಳನ್ನೇ ಕಚ್ಚಿ ಎಳೆಯುತ್ತದೆ. ಒಂದೆರಡು ಕಡೆ ನಕ್ಕರು, ಒಂದು ಕಡೆ ಬೈದು ಕಳಿಸಿದರು. ಕೆಲವು ಕಡೆ ಕರುಗಳು ಚೆನ್ನಾಗಿದ್ದವು, ಆದರೆ ಆ ಹಾಲನ್ನು ಹೋಟೆಲುಗಳಿಗೆಂದು ಮೊದಲೇ ಗೊತ್ತುಮಾಡಿಬಿಟ್ಟಿದ್ದರು. ಮಳೆ ಹನಿಯುತ್ತಲೇ ಇತ್ತು. ಸವಳಂಗದ ದಾರಿಯಲ್ಲಿ ಊರು ಮುಗಿದ ಮೇಲೆ ಬರುವ ಕೇರಿಯ ಅಂಚಿಗೆ ಬಂದಿದ್ದೆವು.

ಅಲ್ಲಿ ರಸ್ತೆಯ ಬದಿಗೆ ಸೋಗೆಯ ಗುಡಿಸಲು, ಪಕ್ಕದಲ್ಲಿ ಚೊಕ್ಕವಾದ ಕೊಟ್ಟಿಗೆ. ಒಂದು ಹಾಲಿನ ಎಮ್ಮೆ, ಒಂದು ಗಬ್ಬದ ಮಣಕ, ಅಂದರೆ ಇನ್ನೂ ಮೊದಲ ಕರು ಹಾಕಬೇಕಾದ ಎಳೆ ಎಮ್ಮೆ. ಎದುರಿನ ಗೂಟದಲ್ಲಿ ಗಂಡುಗರು. ಎಂಥ ಕರು ಅದು! ಮೈ ಎಣ್ಣೆ ಹಚ್ಚಿದಂತೆ ಮಿರಮಿರ, ಕೊರಳಲ್ಲಿ ಕರಿದಾರಕ್ಕೆ ಪೋಣಿಸಿದ ಕವಡೆ. ಗಂಗಮ್ಮನವರು ಬೆರಳು ಕೊಟ್ಟರೆ ಮೂಸಿ, ಬೇಡವೆಂದು ಮುಖ ತಿರುಗಿಸಿತು. ಗಂಗಮ್ಮನವರು ಜೋರಾಗಿ ನಕ್ಕರು. ಎಷ್ಟೋ ದಿನಗಳ ಮೇಲೆ ಕೇಳಿದ ನಗು.

ಗುಡಿಸಲಿನಿಂದ ಬಂದ ಹೆಂಗಸು ದುರುಗಮ್ಮ, ಹೆಚ್ಚು ಕಡಿಮೆ ಗಂಗಮ್ಮನವರ ವಯಸ್ಸು. ಅದು ದಲಿತರ ಕೇರಿ. ಊರಿನ ಯಾವ ಮನೆಯಲ್ಲೂ ಆಕೆಯ ಹಾಲು ಕೊಳ್ಳುತ್ತಿರಲಿಲ್ಲ. ಬೆಣ್ಣೆ ಮಾಡಿ ಬಸ್ಸಿನಲ್ಲಿ ದೂರದ ಸಂತೆಗೆ ಒಯ್ಯುತ್ತಿದ್ದಳು, ಅಲ್ಲಿ ಯಾರ ಮನೆಯದು ಎಂದು ಕೇಳುವವರಿಲ್ಲ. ಗಂಡುಗರುವಿಗೂ ಹಾಲು ಬಿಡುತ್ತೀಯಲ್ಲ ಎಂದು ಗಂಗಮ್ಮನವರು ಕೇಳಿದ್ದಕ್ಕೆ, "ಒಂದು ಮೊಲೆ ಅದರದ್ದೇ ಅವ್ವ. ಅದರ ತಾಯಿ, ಅದು ಕುಡೀತೈತೆ. ಉಳಿದಿದ್ದು ನಮಗೆ" ಎಂದಳು. ಗಂಗಮ್ಮನವರ ಕಣ್ಣು ಹಾಲಿನ ಎಮ್ಮೆಯ ಕೆಚ್ಚಲಿನ ಕಡೆ ಹೋಯಿತು. ದುರುಗಮ್ಮನಿಗೆ ಅರ್ಥವಾಯಿತು.

"ಬ್ಯಾಡ್ರವ್ವ. ನನ್ನ ಹಾಲು ತಗಂಡ್ರೆ ನಿಮ್ ಖಾನಾವಳಿ ಮುಚ್ಚಿಸ್ತಾರೆ. ನನ್ನ ಕರು ಮೆಚ್ಚಿದ್ರಲ್ಲ, ಅಷ್ಟು ಸಾಕು. ಮಳಿ ಜಾಸ್ತಿ ಆಗ್ತೈತೆ, ಹೋಗ್ರಿ."

ಛತ್ರಿ ಬಿಚ್ಚಿಕೊಂಡು ತಿರುಗಿ ಬಂದೆವು. ಆ ಖಾನಾವಳಿ ಬಿಟ್ಟರೆ ಅವರಿಗೆ ಬೇರೆ ಬದುಕಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಎರಡು ದಿನ ಅಡುಗೆಯಲ್ಲಿ ಉಪ್ಪು ಹೆಚ್ಚುಕಡಿಮೆ ಆಯಿತು. ಮೂರನೆಯ ದಿನ ರೊಟ್ಟಿ ಬಡಿಯುತ್ತ ಕೂತವರು ಕೈ ನಿಲ್ಲಿಸಿ ಹೇಳಿದರು. "ಊರೆಲ್ಲ ಕೇಳಂಗೆ ಕರು ನೋಡಿ ಹಾಲು ಕೊಳ್ತೀನಿ ಅಂದೆ. ಕರು ನೋಡಿದೆ. ಈಗ ಜಾತಿ ನೋಡಿ ತಿರುಗಿ ಬಂದ್ರೆ, ಭಾವಗೂ ನಂಗೂ ಏನ್ರಿ ಫರಕು? ಕೊರಳಾಗಿನ ಲಿಂಗ ಯಾತಕ್ಕೆ ಕಟ್ಕೊಂಡಿರೋದು ಮತ್ತೆ?"

ನಾನು ಓದಿದವನಲ್ಲವೇ, ನನಗೆ ಒಂದು ಉಪಾಯ ಹೊಳೆಯಿತು. "ತಗೊಳ್ಳಿ ಅಮ್ಮ, ಆದರೆ ಎಲ್ಲಿಯ ಹಾಲು ಅಂತ ಯಾರಿಗೂ ಹೇಳಬೇಡಿ. ಯಾರಿಗೆ ಗೊತ್ತಾಗುತ್ತೆ?" ಎಂದೆ.

ಅವರು ನನ್ನನ್ನು ಮರುಕದಿಂದ ನೋಡಿದರು. "ಹೇಳದೆ ತಿನ್ನಿಸಿದ್ರೆ ದುರುಗಮ್ಮಗೆ ಏನ್ ಮರ್ಯಾದಿ ಕೊಟ್ಟಂಗಾತು? ತಿನ್ನೋರಿಗೂ ಮೋಸ. ಭಾವನ ಹಾಲಿನ ಕತೆ ನಂಗೆ ಗೊತ್ತಿಲ್ಲದೆ ತಿಂದೆ ಅಂತ ಇಷ್ಟು ಸಂಕಟ ಪಟ್ಟೀನಿ. ಇನ್ನೊಬ್ರಿಗೆ ನಾನೇ ಹಂಗ್ ಮಾಡ್ಲಾ?"

ಅಂದೇ ಸಂಜೆ ಕೇರಿಗೆ ಹೋಗಿ ದುರುಗಮ್ಮನನ್ನು ಒಪ್ಪಿಸಿ ಬಂದರು. ಸಂತೆಯ ದಿನ ಬಂತು. ಪಡಸಾಲೆ ಕಿಕ್ಕಿರಿದಿತ್ತು, ಮೊಸರು ಬಂದಿದೆ ಎಂಬ ಸುದ್ದಿ ಹೇಗೋ ಹಬ್ಬಿತ್ತು. ರುದ್ರಪ್ಪನವರೂ ತಮ್ಮ ವ್ಯಾಪಾರಿಗಳ ಜೊತೆ ಬಂದು ಮುಂದಿನ ಚಾಪೆಯಲ್ಲಿ ಕೂತಿದ್ದರು, ತಮ್ಮನ ಹೆಂಡತಿಯ ಹಟ ಇಳಿಯಿತೆಂದು ತಿಳಿದಿದ್ದರೇನೋ. ರೊಟ್ಟಿ ಪಲ್ಯ ಮುಗಿಯಿತು, ಅನ್ನ ಬಂತು. ಗಂಗಮ್ಮನವರು ಮೊಸರಿನ ಗಡಿಗೆ ಹಿಡಿದು ಮೊದಲ ತಟ್ಟೆಯ ಮುಂದೆ ಬಾಗಿದರು.

"ಇವತ್ತಿನ ಮೊಸರು ಸವಳಂಗದ ದಾರಿ ಕೇರಿಯ ದುರುಗಮ್ಮನ ಮನೇದು. ಹಾಕ್ಲಾ?"

ಮೊದಲ ತಟ್ಟೆ ರುದ್ರಪ್ಪನವರದೇ. ಅವರು ಎದ್ದು, ಅರ್ಧ ಊಟದಲ್ಲೇ ಕೈ ತೊಳೆದು ಹೊರಟರು. ಅವರ ಹಿಂದೆ ಒಬ್ಬೊಬ್ಬರೇ ಎದ್ದರು. ಗಂಗಮ್ಮನವರು ಯಾರನ್ನೂ ತಡೆಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಉಳಿದ ತಟ್ಟೆಗಳ ಮುಂದೆ ಅದೇ ಮಾತು, ಅದೇ ಪ್ರಶ್ನೆ. ಬಟ್ಟೆ ಅಂಗಡಿಯ ಸಾಹುಕಾರರು ಏಳಲಿಲ್ಲ, ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು. ಬೇರೆ ಇಬ್ಬರು ಮೂವರೂ ಹಾಗೆಯೇ ಹಿಡಿದರು. ಗಡಿಗೆ ಕೊನೆಯ ಸಾಲಿಗೆ ಬಂದಾಗಲೂ ಒಂದು ಹನಿ ಬಡಿಸಿರಲಿಲ್ಲ. ಗಂಗಮ್ಮನವರ ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

ಅಲ್ಲಿ ಕೂತಿದ್ದದ್ದು ಹಗ್ಗದ ಮಲ್ಲಣ್ಣ. ಚನ್ನಗಿರಿ ಕಡೆಯಿಂದ ದನದ ಹಗ್ಗ, ಮೂಗುದಾರ ಮಾರಲು ಸಂತೆಗೆ ಬರುತ್ತಿದ್ದ ಮುದುಕ. ಹಲ್ಲಿಲ್ಲದ ಕಾರಣ ಎಲ್ಲರಿಗಿಂತ ನಿಧಾನವಾಗಿ ಉಣ್ಣುತ್ತಿದ್ದ. ಗಂಗಮ್ಮನವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಬಾಯಲ್ಲಿದ್ದದ್ದನ್ನು ನುಂಗಿ ಕೇಳಿದ.

"ಕರು ಹೆಂಗೈತೆ?"

ಗಂಗಮ್ಮನವರು ಸೆರಗಿನಿಂದ ಹಣೆ ಒರೆಸಿಕೊಂಡರು. "ಗುಂಡುಗುಂಡಗೆ ಐತೆ ಮಲ್ಲಣ್ಣ" ಎಂದರು.

"ಹಂಗಾರೆ ಹಾಕು ಮತ್ತೆ. ಜಾಸ್ತಿ ಹಾಕು."

ಮಲ್ಲಣ್ಣನ ಪಕ್ಕದಲ್ಲಿದ್ದವನು ನಾನು. ನನ್ನನ್ನು ಕೇಳುವ ಮೊದಲೇ ತಟ್ಟೆ ಮುಂದೆ ಚಾಚಿದ್ದೆ. ಆ ಮೊಸರು ರುದ್ರಪ್ಪನವರ ಮನೆಯದರಷ್ಟು ಗಟ್ಟಿಯಿರಲಿಲ್ಲ, ಇರಬೇಕಾದ್ದೂ ಅಲ್ಲ. ಗಂಗಮ್ಮನವರ ಮೇಲಿನ ಅಭಿಮಾನಕ್ಕೆ ನನ್ನ ಎದೆ ಹೇಗೆ ತುಂಬಿತ್ತೆಂದರೆ, ಮೂರನೆಯ ಸಲ ಹಾಕಿಸಿಕೊಂಡದ್ದು ಹಸಿವೆಗೋ ಆ ಅಭಿಮಾನಕ್ಕೋ ಇವತ್ತಿಗೂ ಹೇಳಲಾರೆ.

ಖಾನಾವಳಿ ಸೊರಗಿತು. ಸಂತೆಯ ದಿನವೂ ಒಂದು ಚಾಪೆ ಸುತ್ತಿಯೇ ಇರುತ್ತಿತ್ತು. ಗಂಗಮ್ಮನವರು ಹಿಟ್ಟು ಕಡಿಮೆ ಕಲಸತೊಡಗಿದರು, ನಗು ಕಡಿಮೆ ಮಾಡಲಿಲ್ಲ. ಮಳೆ ಹಿಂದೆ ಸರಿದು ಬಿಸಿಲು ಬಂತು, ಮೆಕ್ಕೆಜೋಳ ಒಣಗಿಸಲು ರಸ್ತೆಯಲ್ಲೆಲ್ಲ ಹರಡಿದರು. ಆ ಬಿಸಿಲಿನ ಜೊತೆಗೇ ಕೆಲವರು ತಿರುಗಿ ಬಂದರು. ಬೇರೆ ಕಡೆಯ ರೊಟ್ಟಿ ಬಾಯಿಗೆ ಹಿಡಿಸಲಿಲ್ಲ ಎಂದು ಯಾರೂ ಒಪ್ಪಲಿಲ್ಲ, ಈ ಕಡೆ ಕೆಲಸವಿತ್ತು ಎನ್ನುತ್ತಿದ್ದರು. ಎಲ್ಲ ಉಂಡು ಮೊಸರಿನ ಹೊತ್ತಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಗಂಗಮ್ಮನವರು ಪ್ರತಿ ದಿನ, ಪ್ರತಿ ತಟ್ಟೆಯ ಮುಂದೆ, ಕುಹಕವಿಲ್ಲದೆ ಅದೇ ಪ್ರಶ್ನೆ ಕೇಳುತ್ತಿದ್ದರು. ನಾನಾಗಿದ್ದರೆ ಒಂದು ಚುಚ್ಚುಮಾತನ್ನಾದರೂ ಸೇರಿಸದೆ ಬಿಡುತ್ತಿರಲಿಲ್ಲ.

ಒಂದು ವಿಷಯ ಮಾತ್ರ ನನಗೆ ಕಾಣುತ್ತಿತ್ತು. ದುರುಗಮ್ಮ ದಿನಾ ಹಾಲನ್ನು ಜಗಲಿಯಲ್ಲೇ ಸುರಿದು ಹೋಗುತ್ತಿದ್ದಳು. ಗಂಗಮ್ಮನವರು ತಮ್ಮ ಪಾತ್ರೆಯನ್ನು ಹೊರಗೇ ತಂದು ಹಿಡಿಯುತ್ತಿದ್ದರು. ಒಳಗೆ ಬಾ ಎಂದು ಅವರು ಕರೆಯಲಿಲ್ಲ, ಹೊಸ್ತಿಲು ದಾಟಲು ಆಕೆಯೂ ನೋಡಲಿಲ್ಲ. ಅಷ್ಟು ದೂರ ನಡೆದುಬಂದ ಗಂಗಮ್ಮನವರ ಕಾಲು ಆ ಹೊಸ್ತಿಲ ಹತ್ತಿರ ನಿಂತಿತ್ತು. ಅವರಿಗೂ ಅದು ಗೊತ್ತಿತ್ತು ಎಂದು ನನ್ನ ನಂಬಿಕೆ. ಹಾಲು ಹಿಡಿದು ಒಳಗೆ ಬಂದ ಮೇಲೆ ಒಮ್ಮೆ ಆ ಹೊಸ್ತಿಲನ್ನು ತಿರುಗಿ ನೋಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾವೆಲ್ಲ ತಿಂಡಿಗೆ ಕೂತಿದ್ದಾಗ ದುರುಗಮ್ಮ ಬಂದಳು. ಎಂದಿನ ಹಾಲಿನ ಜೊತೆಗೆ ಮುತ್ತುಗದ ಎಲೆ ಮುಚ್ಚಿದ ಇನ್ನೊಂದು ಸಣ್ಣ ಮಡಕೆ. ಹಾಲು ಸುರಿದಳು, ಮಡಕೆಯನ್ನು ಸೆರಗಿನ ಕಡೆ ಸರಿಸಿಕೊಂಡು ನಿಂತಳು. ಹೋಗುವವಳಂತೆ ತಿರುಗಿದಳು, ಮತ್ತೆ ನಿಂತಳು.

"ಏನೇ ಅದು?" ಎಂದರು ಗಂಗಮ್ಮನವರು.

"ಮಣಕ ಕರು ಹಾಕ್ತು ಅವ್ವ. ಇದು ಗಿಣ್ಣಿನ ಹಾಲು. ಇದನ್ನ ಮಾರಾಕೆ ತಂದಿಲ್ಲ." ಆಮೇಲೆ ಮೆಲ್ಲಗೆ, "ನಿಮಗೆ ಬ್ಯಾಡಾದ್ರೆ ಹೇಳಿಬಿಡ್ರಿ, ಬ್ಯಾಸರ ಇಲ್ಲ" ಎಂದಳು.

ಪಡಸಾಲೆಯಲ್ಲಿ ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಹಾಲು ಕೊಂಡರೆ ವ್ಯಾಪಾರ, ಬೆಲೆ ಕೊಟ್ಟರೆ ಮುಗಿಯಿತು. ಗಿಣ್ಣು ತೆಗೆದುಕೊಂಡರೆ ನಾವು ನಿಮ್ಮವರು, ನೀವು ನಮ್ಮವರು ಎಂದು ಒಪ್ಪಿಕೊಂಡ ಹಾಗೆ. ಊರಿನ ಯಾರ ಮನೆ ಮುಂದೆಯೂ ದುರುಗಮ್ಮ ಆವರೆಗೆ ಗಿಣ್ಣು ಹಿಡಿದು ನಿಂತವಳಲ್ಲ. ಬೇಡ ಎಂದಿದ್ದರೆ ಆಕೆ ನಾಳೆಯೂ ಹಾಲು ತರುತ್ತಿದ್ದಳು, ಸಂದೇಹವಿಲ್ಲ. ಆದರೆ ಅಂಥ ಮಡಕೆಯನ್ನು ಇನ್ನೊಮ್ಮೆ ತರುತ್ತಿರಲಿಲ್ಲ.

ಗಂಗಮ್ಮನವರು ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿ ಮಡಕೆ ಇಸಿದುಕೊಂಡರು.

"ಒಳಗ್ ಬಾ" ಎಂದರು. ದುರುಗಮ್ಮ ಕದಲಲಿಲ್ಲ. "ಬಾರೇ, ಒಲಿ ಉರೀತೈತೆ. ನಿಮ್ ಕಡಿ ಇದಕ್ಕೆ ಬೆಲ್ಲ ಎಷ್ಟು ಹಾಕ್ತೀರಿ? ನಾನು ಹಾಕಿದ್ರೆ ಯಾವಾಗ್ಲೂ ಸಿಹಿ ಮುಂದಾಗ್ತೈತೆ."

ಆ ಪ್ರಶ್ನೆಗೆ ದುರುಗಮ್ಮ ಹೊಸ್ತಿಲು ದಾಟಿದಳು. ಚಾಪೆಗಳ ನಡುವೆ, ನಮ್ಮೆಲ್ಲರ ನಡುವೆ ಮೈ ಹಿಡಿ ಮಾಡಿಕೊಂಡು ನಡೆದು ಅಡುಗೆಮನೆಗೆ ಹೋದಳು. ಒಳಗಿನಿಂದ ಬೆಲ್ಲ ಕುಟ್ಟುವ ಸದ್ದು, "ಸಾಕು ಸಾಕು" ಎಂಬ ದುರುಗಮ್ಮನ ದನಿ, "ಇನ್ನೊಂದ್ ಚೂರು" ಎಂಬ ಗಂಗಮ್ಮನವರ ದನಿ, ಇಬ್ಬರ ನಗು. ಶಾಲೆಗೆ ಹೊತ್ತಾಗಿತ್ತು, ನಾನು ಏಳಲಿಲ್ಲ. ಯಾರೂ ಏಳಲಿಲ್ಲ. ಏಲಕ್ಕಿಯ ಹಬೆ ಪಡಸಾಲೆಗೆ ಬಂತು.

ತಟ್ಟೆ ಹಿಡಿದು ಗಂಗಮ್ಮನವರು ಹೊರಗೆ ಬಂದಾಗ ಅವರ ಪಕ್ಕದಲ್ಲಿ ದುರುಗಮ್ಮನೂ ಇದ್ದಳು. "ದುರುಗಮ್ಮನ ಮನೆ ಗಿಣ್ಣು. ಹಾಕ್ಲಾ?" ಒಬ್ಬರು ಎದ್ದು ಕೈ ತೊಳೆದರು. ಬಟ್ಟೆ ಅಂಗಡಿಯ ಸಾಹುಕಾರರ ಅಂಗೈ ಅಭ್ಯಾಸದಿಂದ ತಟ್ಟೆಯ ಮೇಲೆ ಬಂತು. ಅವರು ತಲೆ ಎತ್ತಿದಾಗ ಎದುರಿಗೆ ದುರುಗಮ್ಮನ ಮುಖವಿತ್ತು. ಆವರೆಗೆ ಅವರು ಬೇಡ ಅಂದದ್ದೆಲ್ಲ ಗಡಿಗೆಗೆ, ಆ ಮುಖಕ್ಕೆ ಬೇಡ ಅನ್ನಬೇಕಾದದ್ದು ಆಗಲೇ ಮೊದಲು. ಅಂಗೈ ಮೆಲ್ಲಗೆ ಹಿಂದಕ್ಕೆ ಹೋಯಿತು.

"ಸಣ್ಣ ತುಂಡು ಹಾಕ್ರಿ" ಎಂದರು. ಗಂಗಮ್ಮನವರು ದೊಡ್ಡದನ್ನೇ ಹಾಕಿದರು.

ದುರುಗಮ್ಮ ಹೊರಡುವಾಗ ಗಂಗಮ್ಮನವರು ಮಡಕೆಯನ್ನು ಬರಿದಾಗಿ ಕಳಿಸಲಿಲ್ಲ. ಅಕ್ಕಿ, ಬೆಲ್ಲ, ಮೇಲೆ ಎರಡು ಎಲೆ, ಅಡಿಕೆ ಇಟ್ಟು, ನೆಂಟರ ಪಾತ್ರೆ ಹೇಗೆ ಕಳಿಸುತ್ತಾರೋ ಹಾಗೆ ಕಳಿಸಿದರು. ಮುಂದಿನ ಬೇಸಿಗೆಗೆ ನನಗೆ ಹೊನ್ನಾಳಿಗೆ ವರ್ಗವಾಯಿತು. ಊಟ ಮಾಡಿದ ಊರುಗಳು ಆಮೇಲೆ ಬಹಳ, ಯಾವುದನ್ನು ತಿಂದರೆ ಪುಣ್ಯ ಯಾವುದನ್ನು ತಿಂದರೆ ಪಾಪ ಎಂಬ ಭಾಷಣಗಳನ್ನೂ ಬೇಕಾದಷ್ಟು ಕೇಳಿದೆ. ತಟ್ಟೆಯ ಮುಂದೆ ಬಾಗಿ ಕೇಳಿ ಬಡಿಸಿದವರು ಮಾತ್ರ ಇನ್ನೊಬ್ಬರು ಸಿಗಲಿಲ್ಲ.

ದಾವಣಗೆರೆಯ ಅಂಗಡಿಯಲ್ಲಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬೆಲೆ ಇತ್ತು, ತಾರೀಖು ಇತ್ತು, ಎಷ್ಟು ದಿನದೊಳಗೆ ತಿನ್ನಬೇಕು ಎಂದಿತ್ತು. ಅಂಗಡಿಯಾಕೆ ಪಾಪ, ಒಳ್ಳೆಯ ಹೆಣ್ಣುಮಗಳು, "ಏನ್ ಹುಡುಕ್ತಿದೀರಿ ಸಾರ್?" ಎಂದು ಕೇಳಿದಳು. ಯೋಚಿಸುವ ಮೊದಲೇ ನನ್ನ ಬಾಯಿಂದ ಮಲ್ಲಣ್ಣನ ಮಾತು ಹೊರಬಿತ್ತು.

"ಕರು ಹೆಂಗೈತಮ್ಮ?"

ಅವಳು ನನ್ನ ಹೆಂಡತಿಯ ಮುಖ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

"ಯಾವ ಕರು ಸಾರ್?"

ನಾನು ಡಬ್ಬಿಯನ್ನು ಇದ್ದಲ್ಲೇ ಇಟ್ಟು, ನೆಂಟರಿಗೆ ಬಾಳೆಹಣ್ಣು ಕೊಂಡೆ.